ವಿಶಾಲಕೋನದ ಮಸೂರ: ಅಗ್ಗದ್ದೋ, ದುಬಾರಿಯದೋ?

(ಬಾನುಲಿ ಭಾಷಣ)

ದೊಡ್ಡದೊಂದು ವಸ್ತುವಿನ ಹತ್ತಿರವೇ ನಿಂತು ಅದನ್ನು ಇಡಿಯಾಗಿ ನೋಡಬೇಕಾದರೆ ನಾವು ಕತ್ತನ್ನು ಅತ್ತಿತ್ತ ಹೊರಳಿಸುತ್ತೇವೆ. ಕ್ಯಾಮೆರಾಕ್ಕೆ ಆ ಸೌಕರ್ಯವಿಲ್ಲ. ದೇವನಹಳ್ಳಿಯ ಕೋಟೆಬಾಗಿಲಿನ ಎದುರು ನಿಂತು ಚಿತ್ರ ತೆಗೆಯಹೊರಟವರಿಗೆ ಈ ಮಾತು ಹೊಸದಲ್ಲ. ಬಾಗಿಲು ಪೂರ್ತಿಯಾಗಿ ಚಿತ್ರದಲ್ಲಿ ಬರಬೇಕೆಂದು ಹಿಂದೆ ಹಿಂದೆ ಸರಿದರೆ ವಾಹನಗಳೂ ವಿದ್ಯುತ್ ತಂತಿಗಳೂ ನಡುವೆ ಬಂದು ನಿಲ್ಲುತ್ತವೆ. ಇಂಥಲ್ಲಿ ನೆರವಿಗೆ ಬರುವುದು ವಿಶಾಲಕೋನದ ಜೂಮ್ ಮಸೂರ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೆಲದ ಮುಖ, 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ, ಬಹು ವೇಗವಾಗಿ ಬದಲಾಗಿದೆ. 1905ರಲ್ಲಿ ಬಿ. ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟವಾಗಿ ಹೊರತಂದರು. ಅಲ್ಲಿ ದಾಖಲಾದ ಕಲ್ಲುಗಳೆಲ್ಲವೂ ಇಂದು ಉಳಿದಿಲ್ಲ. ಆದ್ದರಿಂದ ಕೋಟೆ, ಗುಡಿ, ವೀರಗಲ್ಲು, ಮಗ್ಗದ ಮನೆಗಳನ್ನು ಚಿತ್ರಗಳಲ್ಲಿ ಉಳಿಸಿಕೊಳ್ಳಹೊರಟ ತರುಣರ ಕೆಲಸ ಬರಿಯ ಹವ್ಯಾಸವಲ್ಲ; ನಾಳೆ ಆ ಚಿತ್ರವೊಂದೇ ಸಾಕ್ಷಿಯಾಗಿ ಉಳಿಯಬಹುದು. ಇಂಥವರು ಮಸೂರ ಕೊಳ್ಳುವಾಗ ಎದುರಾಗುವ ಪ್ರಶ್ನೆ ಒಂದೇ: ಅಗ್ಗದ್ದು ಸಾಕೆ, ಸಾಲ ಮಾಡಿಯಾದರೂ ದುಬಾರಿಯದನ್ನೇ ತರಬೇಕೆ?

ಮೊದಲು ಮಸೂರದ ಗುಣವನ್ನು ತಿಳಿಯೋಣ. ಮಸೂರದ ನಾಭಿದೂರ ಕಡಿಮೆಯಾದಷ್ಟೂ ಅದು ಕಾಣುವ ಕೋನ ಹಿಗ್ಗುತ್ತದೆ. ಹಳೆಯ 35 ಮಿಲಿಮೀಟರು ಫಿಲ್ಮಿನ ಚೌಕಟ್ಟಿನಷ್ಟೇ ಅಗಲದ ಸಂವೇದಕವುಳ್ಳ ಕ್ಯಾಮೆರಾದಲ್ಲಿ 50 ಮಿಲಿಮೀಟರು ಮಸೂರ ಮೂಲೆಯಿಂದ ಮೂಲೆಗೆ ಸುಮಾರು 46 ಡಿಗ್ರಿಗಳಷ್ಟು ನೋಟವನ್ನು ಹಿಡಿದರೆ, 15 ಮಿಲಿಮೀಟರಿನದು ಸುಮಾರು 110 ಡಿಗ್ರಿಗಳನ್ನು ಹಿಡಿಯುತ್ತದೆ. ನಾಭಿದೂರವನ್ನು ಬೇಕಾದಂತೆ ಬದಲಿಸಿಕೊಳ್ಳಬಹುದಾದುದು ಜೂಮ್ ಮಸೂರ.

ಉದಾಹರಣೆಗೆ ಒಂದೇ ಕಂಪನಿಯ ಎರಡು ಮಸೂರಗಳನ್ನು ತೆಗೆದುಕೊಳ್ಳಬಹುದು. ಕ್ಯಾನನ್ 2019ರಲ್ಲಿ ತಂದ 15–35 ಮಿಲಿಮೀಟರಿನ ಮಸೂರ 840 ಗ್ರಾಂ ತೂಗುತ್ತದೆ. ಅದರ ದ್ಯುತಿರಂಧ್ರ, ಎಂದರೆ ಬೆಳಕು ಒಳಬರುವ ಕಂಡಿ, ಎಲ್ಲ ನಾಭಿದೂರಗಳಲ್ಲಿಯೂ ಎಫ್/2.8ರವರೆಗೆ ತೆರೆಯುತ್ತದೆ. 2022ರಲ್ಲಿ ಬಂದ 15–30 ಮಿಲಿಮೀಟರಿನದು 390 ಗ್ರಾಂ ತೂಗುತ್ತದೆ. ಅದರ ಕಂಡಿ ಅಗಲ ನೋಟದಲ್ಲಿ ಎಫ್/4.5ರವರೆಗೆ, ಇನ್ನೊಂದು ತುದಿಯಲ್ಲಿ ಎಫ್/6.3ರವರೆಗೆ ಮಾತ್ರ ತೆರೆಯುತ್ತದೆ. ಇಲ್ಲಿ ಅಂಕೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಬೆಲೆಯಲ್ಲಿ ಮೊದಲನೆಯದು ಎರಡನೆಯದರ ಹಲವು ಪಟ್ಟು.

ಈ ಹೆಚ್ಚಿನ ಹಣಕ್ಕೆ ದೊರೆಯುವುದು ಮುಖ್ಯವಾಗಿ ಮೂರು. ಒಂದು, ಬೆಳಕು: ಅಗಲ ನೋಟದಲ್ಲಿ ಎರಡೂವರೆ ಪಟ್ಟು, ಮತ್ತೊಂದು ತುದಿಯಲ್ಲಿ ಸುಮಾರು ಐದು ಪಟ್ಟು. ಎರಡು, ಕಂಡಿಯನ್ನು ಪೂರ್ತಿ ತೆರೆದಾಗಲೂ ಚಿತ್ರದ ಮೂಲೆಗಳು ಹೆಚ್ಚು ಸ್ಫುಟವಾಗಿರುವುದು. ಅಗ್ಗದ ಮಸೂರದಲ್ಲಿ ಅಂಚಿನ ನೇರ ಗೆರೆಗಳು ತುಂಬ ಬಾಗುತ್ತವೆ. ಕ್ಯಾಮೆರಾದೊಳಗಿನ ಲೆಕ್ಕಾಚಾರ ಅವನ್ನು ಹಿಗ್ಗಿಸಿ ತಿದ್ದುತ್ತದೆ, ಹಿಗ್ಗಿಸಿದ ಕಡೆ ವಿವರ ತೆಳುವಾಗುತ್ತದೆ. ಮೂರು, ಧೂಳು ಮತ್ತು ತೇವದಿಂದ ರಕ್ಷಣೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ಧೂಳನ್ನು ಕಂಡವರಿಗೆ ಇದು ಅಲ್ಪವೆನಿಸದು.

ಹಣ ಕೊಟ್ಟರೂ ದೊರೆಯದುದೂ ಒಂದಿದೆ. ವಿಶಾಲಕೋನದ ಚಿತ್ರದಲ್ಲಿ ಹತ್ತಿರದ್ದು ಹಿರಿದಾಗಿ, ದೂರದ್ದು ಕಿರಿದಾಗಿ ಕಾಣುತ್ತದೆ. ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಗೋಡೆಗಳು ಒಂದರತ್ತ ಒಂದು ವಾಲುತ್ತವೆ. ಅಂಚಿನಲ್ಲಿ ನಿಂತವನ ಮುಖ ಎಳೆದಂತಾಗುತ್ತದೆ. ಇದು ನಿಂತ ಸ್ಥಳದ ಮತ್ತು ಕೋನದ ಧರ್ಮ. ಬೆಲೆ ಏರಿದರೆ ಇದು ಹೋಗುವುದಿಲ್ಲ.

ಈಗ ನಮ್ಮ ಊರುಗಳಿಗೆ ಬರೋಣ. 1501ರಲ್ಲಿ ಮಲ್ಲಬೈರೇಗೌಡನು ಮಣ್ಣಿನಲ್ಲಿ ಕಟ್ಟಿಸಿದನೆನ್ನಲಾದ, ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನ ರೂಪ ತಳೆದ ದೇವನಹಳ್ಳಿಯ ಕೋಟೆ ಬಿಸಿಲಿನಲ್ಲಿ ನಿಂತಿದೆ. ಅದು ಅಲುಗುವುದಿಲ್ಲ. ಬೆಳಕು ಹೇರಳವಾಗಿರುವಾಗ ಕಂಡಿಯನ್ನು ಎಫ್/8ಕ್ಕೆ ಕಿರಿದುಗೊಳಿಸಿದರೆ ಎರಡು ಮಸೂರಗಳ ನಡುವಿನ ಅಂತರ ಬಹುಮಟ್ಟಿಗೆ ಮರೆಯಾಗುತ್ತದೆ. ನೆಲಮಂಗಲ ತಾಲೂಕಿನ ಶಿವಗಂಗೆಯನ್ನು ಹತ್ತುವವರಿಗಂತೂ ಹಗುರವಾದುದೇ ಮೇಲು. ಕಡಿದಾದ ಮೆಟ್ಟಿಲುಗಳಲ್ಲಿ ಕಂಬಿ ಹಿಡಿದು ಏರುವಾಗ ಕೊರಳಲ್ಲಿ ತೂಗುವ ಅರ್ಧ ಕಿಲೋ ಹೆಚ್ಚಿನ ಭಾರ ಬೆಟ್ಟದ ತುದಿಯ ಬಸವನನ್ನು ತಲಪುವ ಹೊತ್ತಿಗೆ ಇಮ್ಮಡಿಯಾಗಿರುತ್ತದೆ.

ಶಾಸನ ಮತ್ತು ವೀರಗಲ್ಲುಗಳಿಗೆ ಈ ಎರಡೂ ಮಸೂರಗಳು ತಕ್ಕವಲ್ಲ. ತೀರ ಹತ್ತಿರದಿಂದ ವಿಶಾಲಕೋನದಲ್ಲಿ ಹಿಡಿದರೆ, ಕ್ಯಾಮೆರಾ ತುಸು ವಾಲಿದರೂ ಅಕ್ಷರಗಳ ಅಳತೆ ಕೆಡುತ್ತದೆ. ಕಲ್ಲಿಗೆ ನೇರವಾಗಿ, ತಕ್ಕಷ್ಟು ದೂರದಿಂದ, 50 ಮಿಲಿಮೀಟರಿನ ಸಾಮಾನ್ಯ ಮಸೂರದಲ್ಲಿ, ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಹಿಡಿಯಬೇಕು. ಸವೆದ ಅಕ್ಷರಗಳ ಗೀರಿನಲ್ಲಿ ನೆರಳು ಬಿದ್ದಾಗಲೇ ಅವು ಓದಿಗೆ ದಕ್ಕುವುದು. ಕಲ್ಲು ನಿಂತಿರುವ ನೆಲೆಯನ್ನು, ಸುತ್ತಲಿನ ಹೊಲ, ಮರ, ಗುಡಿಗಳನ್ನು ತೋರಿಸಲು ಮಾತ್ರ ವಿಶಾಲಕೋನ ಬೇಕು.

ದುಬಾರಿ ಮಸೂರ ತನ್ನ ಬೆಲೆಯನ್ನು ಸಾರ್ಥಕಗೊಳಿಸುವುದು ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ. ಇಕ್ಕಟ್ಟಾದ ಕೋಣೆ, ಮಂದ ಬೆಳಕು, ಗೋಡೆಗೆ ಒತ್ತಿಕೊಂಡ ವಿದ್ಯುತ್ ಮಗ್ಗ, ಕಡಿದ ಎಳೆಯನ್ನು ಕೂಡಿಸುತ್ತಿರುವ ಬೆರಳುಗಳು. ಎರಡು ಮಸೂರಗಳಲ್ಲಿಯೂ ನಮ್ಮ ಕೈನಡುಕವನ್ನು ಸರಿದೂಗಿಸುವ ಸಾಧನವಿದೆ. ಆದರೆ ಅದು ತಡೆಯುವುದು ತೆಗೆಯುವವನ ಕೈಯ ಅಲುಗಾಟವನ್ನು. ನೇಯುವವಳ ಬೆರಳಿನ ಚಲನೆಯನ್ನಲ್ಲ. ಎಫ್/2.8ರಲ್ಲಿ ಸೆಕೆಂಡಿನ 125ನೆಯ ಒಂದು ಭಾಗದಲ್ಲಿ ಹಿಡಿಯಬಹುದಾದ ಚಿತ್ರಕ್ಕೆ ಎಫ್/4.5ರಲ್ಲಿ ಸುಮಾರು 50ನೆಯ ಒಂದು ಭಾಗ ಬೇಕಾಗುತ್ತದೆ; ಅಷ್ಟರಲ್ಲಿ ಬೆರಳು ಮಸಕಾಗುತ್ತದೆ. ಸಂವೇದನೆಯನ್ನು ಏರಿಸಿ ಇದನ್ನು ತುಂಬಿಕೊಳ್ಳಬಹುದಾದರೂ ಚಿತ್ರ ಮರಳು ಮರಳಾಗುವ ದಂಡವನ್ನು ತೆರಬೇಕು. ಕಲ್ಯಾಣಮಂಟಪಗಳಲ್ಲಿ ಮದುವೆಯ ಚಿತ್ರ ತೆಗೆದು ಜೀವನ ಮಾಡುವವರಿಗೂ ಇದೇ ಮಾತು ಸಲ್ಲುತ್ತದೆ. ಅವರ ಪಾಲಿಗೆ ಆ ಮಸೂರ ಆಡಂಬರವಲ್ಲ, ಉಪಕರಣ.

ಹಾಗಾದರೆ ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು: ನಾನು ಹಿಡಿಯಹೊರಟದ್ದು ಚಲಿಸುತ್ತದೆಯೆ? ಅಲ್ಲಿ ಬೆಳಕು ಎಷ್ಟಿದೆ? ನಿಶ್ಚಲವಾದ ಕಲ್ಲಿಗೂ ಬಯಲಿಗೂ ಅಗ್ಗದ್ದೇ ಸಾಕು. ಉಳಿದ ಹಣದಲ್ಲಿ ಗಟ್ಟಿಯಾದ ಮೂರು ಕಾಲಿನ ಸ್ಟ್ಯಾಂಡೊಂದನ್ನು ಕೊಂಡು, ಮಿಕ್ಕುದನ್ನು ಹಳ್ಳಿಹಳ್ಳಿ ತಿರುಗುವ ಬಸ್ಸಿನ ಖರ್ಚಿಗೆ ಇಟ್ಟುಕೊಳ್ಳುವುದು ಲೇಸು. ಮಂದ ಬೆಳಕಿನಲ್ಲಿ ದುಡಿಯುವ ಮನುಷ್ಯರನ್ನು ಮತ್ತೆ ಮತ್ತೆ ಹಿಡಿಯುವವರು ದುಬಾರಿಯದನ್ನು ಕೊಳ್ಳಲಿ. ವರ್ಷಕ್ಕೆ ನಾಲ್ಕು ದಿನ ಮಾತ್ರ ಅದರ ಅಗತ್ಯವಿದ್ದವರು ಬೆಂಗಳೂರಿನಲ್ಲಿ ದಿನಬಾಡಿಗೆಗೆ ತರಬಹುದು. ಸಾಲದ ಕಂತು ತೀರಲಿ ಎಂದು ಕಾಯುತ್ತ ಕುಳಿತರೆ ಹೊಲದಂಚಿನ ಕಲ್ಲು ನಮಗಾಗಿ ಕಾಯುವುದಿಲ್ಲ.