ರ‍್ಯಾಲಿ ಓಡಿದ ಪಿಕಪ್ ಗಟ್ಟಿಯೇ? ಮಾಡಿಫೈಡ್ ಗಾಡಿ ಕೊಳ್ಳುವ ಮುನ್ನ ಎಲ್ಲೆಲ್ಲಿ ನೋಡಬೇಕು

ಇಸುಜು ವಿ-ಕ್ರಾಸ್ 2016ರಲ್ಲಿ, ಟೊಯೋಟಾ ಹೈಲಕ್ಸ್ 2022ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಮಲೆನಾಡು, ಕೊಡಗಿನ ಕಡೆ ತೋಟದ ಕೆಲಸಕ್ಕೂ ಆಗುತ್ತದೆ, ಭಾನುವಾರದ ಆಫ್‌ರೋಡಿಂಗ್‌ಗೂ ಆಗುತ್ತದೆ ಎಂದು ಇಂಥ ಫೋರ್ ವೀಲ್ ಡ್ರೈವ್ ಪಿಕಪ್ ಕೊಂಡವರಿದ್ದಾರೆ. ಈಗ ಅವು ಸೆಕೆಂಡ್ ಹ್ಯಾಂಡ್ ಆಗಿ ಸಿಗುತ್ತಿವೆ. ಅವುಗಳಲ್ಲಿ ಕೆಲವು ಕಂಪನಿಯಿಂದ ಹೊರಬಂದ ರೂಪದಲ್ಲಿ ಉಳಿದಿಲ್ಲ. ದೊಡ್ಡ ಟೈರ್, ಎತ್ತರಿಸಿದ ಸಸ್ಪೆನ್ಷನ್, ಸ್ನಾರ್ಕೆಲ್, ರೋಲ್ ಕೇಜ್. ಜೊತೆಗೆ ಒಂದು ಮಾತು: "ರ‍್ಯಾಲಿ ಓಡಿದ ಗಾಡಿ ಸಾರ್, ಏನೂ ಆಗಲ್ಲ."

ಈ ಮಾತು ಎಷ್ಟು ನಿಜ? ನಮ್ಮ ಉತ್ತರ: ಅರ್ಧ ಮಾತ್ರ. ತಪ್ಪಿದ ಅರ್ಧಕ್ಕೆ ಹಲವು ಲಕ್ಷ ರೂಪಾಯಿ ಬೆಲೆ ಇದೆ. ಆ ಗಾಡಿಯಲ್ಲಿ ಘಾಟಿ ಇಳಿಯುವವರು ಮನೆಯವರೇ ಎಂಬುದೂ ನೆನಪಿರಲಿ.

ಲೋಹಕ್ಕೂ ದಣಿವಿದೆ

ಬೈಂಡಿಂಗ್ ವೈರನ್ನು ಒಂದು ಸಲ ಬಗ್ಗಿಸಿದರೆ ಮುರಿಯುವುದಿಲ್ಲ. ಅದೇ ಜಾಗದಲ್ಲಿ ಹತ್ತಿಪ್ಪತ್ತು ಸಲ ಬಗ್ಗಿಸಿ ನೋಡಿ, ಪಟ್ಟನೆ ತುಂಡಾಗುತ್ತದೆ. ಉಕ್ಕಿನ ಚಾಸಿಗೂ ಹೀಗೆಯೇ ಆಗುತ್ತದೆ, ಆದರೆ ಬಹಳ ನಿಧಾನವಾಗಿ. ಕಣ್ಣಿಗೆ ಕಾಣುವಷ್ಟು ಬಾಗದಿದ್ದರೂ ಸಾವಿರಾರು ಹೊಡೆತಗಳಿಂದ ಕೂದಲೆಳೆಯಷ್ಟು ಬಿರುಕು ಹುಟ್ಟಿ ಬೆಳೆಯುತ್ತದೆ. ರ‍್ಯಾಲಿ ಓಡಿದ ಗಾಡಿ ಒಂದು ದಿನದಲ್ಲಿ ತಿನ್ನುವ ಹೊಡೆತವನ್ನು ಊರಲ್ಲಿ ಓಡುವ ಗಾಡಿ ತಿಂಗಳುಗಟ್ಟಲೆ ಓಡಿದರೂ ತಿನ್ನದಿರಬಹುದು. ಆದ್ದರಿಂದ "ಬರೀ 30 ಸಾವಿರ ಕಿಲೋಮೀಟರ್ ಓಡಿದೆ" ಎಂಬ ಮಾತಿಗೆ ಇಲ್ಲಿ ಹೆಚ್ಚು ಅರ್ಥವಿಲ್ಲ.

ಬಿರುಕು ಎಲ್ಲೆಂದರಲ್ಲಿ ಬರುವುದಿಲ್ಲ. ಶಾಕ್ ಅಬ್ಸಾರ್ಬರ್ ಮತ್ತು ಪಟ್ಟಾ ಸ್ಪ್ರಿಂಗ್ ಚಾಸಿಗೆ ಸೇರುವ ಜಾಗ, ಸ್ಟೀರಿಂಗ್ ಕೂರುವ ಜಾಗ, ಹಳೆ ವೆಲ್ಡಿಂಗ್‌ನ ಅಂಚು, ಇವನ್ನು ಟಾರ್ಚ್ ಹಿಡಿದು ನೋಡಬೇಕು. ವೆಲ್ಡಿಂಗ್ ಕಾವಿಗೆ ಸುತ್ತಲಿನ ಉಕ್ಕಿನ ಗುಣ ಬದಲಾಗುತ್ತದೆ. ಬಿರುಕು ಹೆಚ್ಚಾಗಿ ವೆಲ್ಡ್‌ನ ನಡುವೆ ಅಲ್ಲ, ಅದರ ಪಕ್ಕದಲ್ಲೇ ಶುರುವಾಗುವುದು ಇದೇ ಕಾರಣಕ್ಕೆ. ಅಡಿಭಾಗಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಯಾಕೆ ಎಂದು ಕೇಳಿ. ಕೆಸರು ಮೆತ್ತಿದ ಚಾಸಿಗಿಂತ ಫಳಫಳ ಹೊಳೆಯುವ ಚಾಸಿ ಕಂಡರೆ ನಮಗೆ ಅನುಮಾನ ಜಾಸ್ತಿ.

ಪಿಕಪ್‌ನಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಡ್ರೈವರ್ ಕ್ಯಾಬಿನ್ ಮತ್ತು ಹಿಂದಿನ ತೊಟ್ಟಿ ಎರಡೂ ಬೇರೆ ಬೇರೆಯಾಗಿ ಒಂದೇ ಚಾಸಿಯ ಮೇಲೆ ಕೂತಿರುತ್ತವೆ. ಅವುಗಳ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಳತೆಯಲ್ಲಿರಬೇಕು. ಗಾಡಿ ಜೋರಾಗಿ ಹಾರಿ ಬಿದ್ದಿದ್ದರೆ ಅಥವಾ ಮಿತಿಮೀರಿ ಲೋಡ್ ಹೊತ್ತಿದ್ದರೆ ಕ್ಯಾಬಿನ್ ಹಿಂದೆ ಚಾಸಿ ಕೆಳಕ್ಕೆ ಬಾಗುತ್ತದೆ. ಆಗ ಸಂದು ಮೇಲೆ ಅಗಲ, ಕೆಳಗೆ ಕಿರಿದು. ಎರಡೂ ಕಡೆ ಬೆರಳಿಟ್ಟು ನೋಡಿದರೆ ಸಾಕು, ಖರ್ಚಿಲ್ಲದ ಪರೀಕ್ಷೆ. ತೊಟ್ಟಿಯನ್ನು ಬಿಚ್ಚಿ ಮತ್ತೆ ಕೂರಿಸಿದ್ದರೂ ಸಂದು ಹೆಚ್ಚುಕಡಿಮೆ ಆಗಬಹುದು. ಅದಕ್ಕೇ ಇದು ಸುಳಿವು ಮಾತ್ರ, ತೀರ್ಪಲ್ಲ.

ದೊಡ್ಡ ಟೈರ್‌ನ ಲೆಕ್ಕ

265/65 ಆರ್ 17 ಅಳತೆಯ ಟೈರ್‌ನ ವ್ಯಾಸ ಸುಮಾರು 776 ಮಿಲಿಮೀಟರ್. ಅದರ ಬದಲು 285/70 ಆರ್ 17 ಹಾಕಿದರೆ ಸುಮಾರು 831. ಅಂದರೆ ಶೇಕಡಾ 7ರಷ್ಟು ದೊಡ್ಡದು. ಚಕ್ರ ಒಂದು ಸುತ್ತಿಗೆ ಶೇಕಡಾ 7ರಷ್ಟು ಹೆಚ್ಚು ದೂರ ಹೋಗುತ್ತದೆ, ಆದರೆ ಮೀಟರ್‌ಗೆ ಅದು ಗೊತ್ತಾಗುವುದಿಲ್ಲ. ಟೈರ್ ಬದಲಿಸಿದ ಮೇಲೆ ಮೀಟರ್ ಸರಿಪಡಿಸದಿದ್ದರೆ, ಅದು ತೋರಿಸುವ ಪ್ರತಿ 80,000 ಕಿಲೋಮೀಟರ್‌ಗೆ ಗಾಡಿ ನಿಜವಾಗಿ ಓಡಿರುವುದು 85,600ರ ಆಸುಪಾಸು. ಯಾರೂ ಮೀಟರ್ ತಿರುಗಿಸದೆಯೇ ಓಟ ಕಡಿಮೆ ಕಾಣುತ್ತದೆ! ಭಾರದ ಟೈರ್ ತಿರುಗಿಸಲು ಕ್ಲಚ್‌ಗೆ, ನಿಲ್ಲಿಸಲು ಬ್ರೇಕ್‌ಗೆ ಬೀಳುವ ಹೆಚ್ಚುವರಿ ಹೊರೆ ಬೇರೆ.

ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದರೆ ಮುಂದಿನ ಡ್ರೈವ್ ಶಾಫ್ಟ್‌ನ ಕೋನ ಹೆಚ್ಚುತ್ತದೆ. ಅದರ ರಬ್ಬರ್ ಬೂಟ್ ಹರಿದು ರಿಮ್‌ನ ಒಳಬದಿಗೆ ಗ್ರೀಸ್ ಸಿಡಿದಿದೆಯೇ ನೋಡಿ. ಗುರುತ್ವ ಕೇಂದ್ರವೂ ಮೇಲೇರುವುದರಿಂದ ತಿರುವಿನಲ್ಲಿ ಪಲ್ಟಿಯಾಗುವ ಅಪಾಯ ಮೊದಲಿಗಿಂತ ಹೆಚ್ಚು.

ಸ್ನಾರ್ಕೆಲ್ ಇದ್ದರೆ ನೀರಿನ ಭಯ ಇಲ್ಲವೇ?

ಸ್ನಾರ್ಕೆಲ್ ಕಾಪಾಡುವುದು ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯನ್ನು ಮಾತ್ರ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆಯ ಹಳ್ಳಕ್ಕಿಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲ್ ಅಥವಾ ಬ್ರೀದರ್ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ. ಡಿಫರೆನ್ಷಿಯಲ್‌ನ ಪ್ಲಗ್ ಬಿಚ್ಚಿಸಿ ನೋಡಿ. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ.

ರೋಲ್ ಕೇಜ್ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ದೊಡ್ಡದು. ರ‍್ಯಾಲಿಯಲ್ಲಿ ಅದು ಜೀವ ಉಳಿಸುತ್ತದೆ, ನಿಜ. ಆದರೆ ಅಲ್ಲಿ ಕೂತವರು ಹೆಲ್ಮೆಟ್ ಹಾಕಿ, ಮೈತುಂಬ ಬೆಲ್ಟ್ ಬಿಗಿದುಕೊಂಡಿರುತ್ತಾರೆ. ಬರಿತಲೆಯಲ್ಲಿ ಕೂತ ಮಕ್ಕಳಿಗೆ, ಹಿರಿಯರಿಗೆ ತಲೆಯ ಪಕ್ಕದ ಆ ಉಕ್ಕಿನ ಪೈಪೇ ಅಪಾಯ. ಏರ್‌ಬ್ಯಾಗ್ ಬಿಚ್ಚಿರುವ ಸಾಧ್ಯತೆಯೂ ಇದೆ. ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲವು ಕ್ಷಣ ಹೊತ್ತಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲವೆಂದರೆ ಯಾರೋ ದೀಪವನ್ನೇ ತೆಗೆದಿರಬಹುದು.

ಎಂಜಿನ್ ನೋಡಲು ಬೆಳಿಗ್ಗೆ ಹೋಗಿ, ಮೊದಲ ಸ್ಟಾರ್ಟ್ ನಿಮ್ಮ ಎದುರೇ ಆಗಲಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬನ್ನಿ. ಪವರ್ ಹೆಚ್ಚಿಸಲು ಟ್ಯೂನಿಂಗ್ ಮಾಡಿಸಿದ ಗಾಡಿಯಲ್ಲಿ ಕ್ಲಚ್ ಬೇಗ ಸವೆಯುತ್ತದೆ. ಟಾಪ್ ಗೇರ್‌ನಲ್ಲಿ ನಿಧಾನ ಓಡುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಇಷ್ಟೆಲ್ಲ ಹೇಳಿದರೂ ರ‍್ಯಾಲಿ ಗಾಡಿ ಎಂದರೆ ದೂರ ಓಡಿ ಎನ್ನುವುದಿಲ್ಲ. ಗಂಭೀರವಾಗಿ ಸ್ಪರ್ಧಿಸುವವರು ಯಾವ ಭಾಗ ಯಾವಾಗ ಬದಲಿಸಿದೆವು ಎಂದು ಬರೆದಿಡುತ್ತಾರೆ, ಆಯಿಲ್ ಬೇಗ ಬೇಗ ಬದಲಿಸುತ್ತಾರೆ. ಆ ಪುಸ್ತಕ, ಬಿಲ್ಲುಗಳು ಕೈಗೆ ಸಿಕ್ಕರೆ, ಬರೀ ಶೋಕಿಗೆ ಸಾಮಾನು ತುಂಬಿಸಿದ ಗಾಡಿಗಿಂತ ಅದೇ ಮೇಲು ಎನ್ನುತ್ತೇವೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬದಲಾದ ಸೆಕ್ಷನ್ 182ಎ, ಅನುಮತಿ ಇಲ್ಲದೆ ಗಾಡಿ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಬದಲಿಸಿದ್ದು ಹಳೆ ಮಾಲೀಕರೇ ಆಗಿರಬಹುದು, ಆದರೆ ರಸ್ತೆಯಲ್ಲಿ ಗಾಡಿ ತಡೆದಾಗ ಮೊದಲು ಉತ್ತರ ಹೇಳಬೇಕಾದವರು ನೀವು. ತಿಳಿಸದೆ ಮಾಡಿಸಿದ ಬದಲಾವಣೆ ಇದ್ದರೆ ವಿಮಾ ಕಂಪನಿ ಕ್ಲೇಮ್ ನಿರಾಕರಿಸುವ ಸಾಧ್ಯತೆಯೂ ಉಂಟು.

ಆದ್ದರಿಂದ ಬೆಲೆ ಮಾತಾಡುವಾಗ ಮೇಲೆ ಹಾಕಿಸಿದ ಮೂರು ಲಕ್ಷದ ಸಾಮಾನನ್ನು ಕೂಡಿಸಬೇಡಿ. ಗಾಡಿಯನ್ನು ಮೊದಲಿನ ರೂಪಕ್ಕೆ ತರಲು ತಗಲುವ ಖರ್ಚನ್ನು ಕಳೆಯಿರಿ. ಕಂಪನಿಯ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬಂಪರ್, ರಿಮ್ ಎತ್ತಿಟ್ಟಿದ್ದಾರೆಯೇ ಎಂದು ವಿಚಾರಿಸಿ. "ಶೆಡ್‌ನಲ್ಲಿ ಎಲ್ಲೋ ಇವೆ" ಎಂದರೆ, ಅಡ್ವಾನ್ಸ್ ಕೊಡುವ ಮುನ್ನ ಆ ಶೆಡ್‌ಗೂ ಒಮ್ಮೆ ಹೋಗಿ ಬನ್ನಿ.