ಜಾಲಿ ಯಾವುದು? ಬಳ್ಳಾರಿ ಜಾಲಿ ಯಾವುದು?

ಗೆಳೆಯರೇ, ನಮ್ಮೂರಲ್ಲಿ ಮುಳ್ಳಿರೋ ಮರಕ್ಕೆಲ್ಲಾ ‘ಜಾಲಿ’ ಅಂತೀವಿ. ನಾನೂ ಹಾಗೇ ಅಂದುಕೊಂಡು ಹೋದ ವರ್ಷ ಒಂದು ತಪ್ಪು ಮಾಡಿದೆ. ನಮ್ಮ ಹೊಲದ ಬದುವಿನಲ್ಲಿದ್ದ ಹಳೇ ಕರಿಜಾಲಿ ಮರ ಗಾಳಿಗೆ ಬಿದ್ದುಹೋಯ್ತು. ತಾತ ಬಹಳ ಬೇಜಾರು ಮಾಡಿಕೊಂಡರು. ಅದಕ್ಕೇ ಹಿತ್ತಲಲ್ಲಿ ಒಂದು ಜಾಲಿ ಬೆಳೆಸೋಣ ಎಂದು ಕೆರೆ ಅಂಗಳದಿಂದ ಕಾಯಿ ತಂದು ಬಿತ್ತಿದೆ. ಸಸಿ ಮೊಳಕಾಲುದ್ದ ಬಂದಾಗ ತಾತ ನೋಡಿ, “ಇದು ಬಳ್ಳಾರಿ ಜಾಲಿ ಕಣೋ ಮಗಾ. ಈಗಲೇ ಬೇರು ಸಮೇತ ಕಿತ್ತುಹಾಕು, ದೊಡ್ಡದಾದ್ರೆ ನಿನ್ನ ಕೈಲಾಗಲ್ಲ” ಅಂದರು. ಆಮೇಲೆ ತಾತನನ್ನೂ ವಿಜ್ಞಾನದ ಮೇಷ್ಟ್ರನ್ನೂ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಗುರುತಿಸುವುದು ಹೇಗೆ?

ಎಲೆ, ಮುಳ್ಳು ನೋಡಿ ಮೋಸ ಹೋಗಬೇಡಿ. ಹೂವು, ಕಾಯಿ ನೋಡಿ.

ಕರಿಜಾಲಿ: ತೊಗಟೆ ಕಪ್ಪು, ಬಿರುಕು ಬಿರುಕು. ಹೂವು ಹಳದಿ, ಗುಂಡನೆಯ ಚೆಂಡು. ಕಾಯಿ ಬೂದು ಬಣ್ಣ. ಬೀಜ ಬೀಜದ ನಡುವೆ ಸೊಂಟ ಹಿಡಿದಂತೆ ಕಿರಿದಾಗಿ ಮಣಿಸರದ ಹಾಗೆ ಕಾಣುತ್ತದೆ.

ಬಿಳಿಜಾಲಿ: ತೊಗಟೆ ಬೆಳ್ಳಗೆ. ಹೂವು ಕೆನೆ ಬಣ್ಣದ ಸಣ್ಣ ಚೆಂಡು, ದೊಡ್ಡ ಗೊಂಚಲಾಗಿ ಬಿಡುತ್ತದೆ.

ಬಳ್ಳಾರಿ ಜಾಲಿ: ಹೂವು ಚೆಂಡಲ್ಲ, ಉದ್ದನೆಯ ತೆನೆ. ಕಾಯಿ ತಿಳಿಹಳದಿ, ತಿರುಳು ಸಿಹಿ. ಇದು ಅಮೆರಿಕ ಖಂಡದ ಗಿಡ, 19ನೇ ಶತಮಾನದಲ್ಲಿ ಭಾರತಕ್ಕೆ ಬಂತು. ದನ ಕುರಿ ಕಾಯಿ ತಿಂದು ಸಗಣಿ ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಸೌದೆಗೆ ಒಳ್ಳೆಯದು, ಆದರೆ ಬಿಟ್ಟರೆ ಕೆರೆ, ಹೊಲ ಎಲ್ಲಾ ಅದರದೇ!

ಮುಟ್ಟಿದರೆ ಮುನಿಯೂ ಇವುಗಳ ಬಳಗವೇ. ಅದರ ನಸುಗೆಂಪು ಚೆಂಡು ಹೂವನ್ನು ಜಾಲಿ ಹೂವಿನ ಪಕ್ಕ ಇಟ್ಟು ನೋಡಿ, ಗೊತ್ತಾಗುತ್ತದೆ.

ಒಂದು ವಿಷಯ. ಹಳೇ ಪುಸ್ತಕಗಳಲ್ಲಿ ಕರಿಜಾಲಿಗೆ ‘ಅಕೇಶಿಯ ನೈಲೋಟಿಕ’ ಎಂದಿರುತ್ತದೆ. 2005ರಲ್ಲಿ ವಿಯೆನ್ನಾದಲ್ಲಿ ಸೇರಿದ್ದ ಸಸ್ಯವಿಜ್ಞಾನಿಗಳು ಅಕೇಶಿಯ ಎಂಬ ಹೆಸರನ್ನು ಆಸ್ಟ್ರೇಲಿಯಾದ ಮರಗಳಿಗೆ ಬಿಟ್ಟರು. ಈಗ ನಮ್ಮದು ‘ವ್ಯಾಚೆಲಿಯ ನೈಲೋಟಿಕ’. ನಮಗೆ ಮಾತ್ರ ಜಾಲಿಯೇ!

ಬೆಳೆಸುವುದು ಹೇಗೆ?

ಬೇಸಿಗೆಯಲ್ಲಿ ಒಣಗಿ ಉದುರಿದ ಕಾಯಿ ಆರಿಸಿ ಬೀಜ ಬಿಡಿಸಿ. ಬೀಜದ ಸಿಪ್ಪೆ ಬಲು ಗಟ್ಟಿ, ನೀರು ಒಳಗೆ ಇಳಿಯಲ್ಲ. ಕುದಿಯುವ ನೀರನ್ನು ಒಲೆಯಿಂದ ಇಳಿಸಿ ಬೀಜದ ಮೇಲೆ ಸುರಿದು ಒಂದು ದಿನ ಬಿಡಿ. (ಚಿಕ್ಕವರು ಅಮ್ಮನ ಕೈಲಿ ಸುರಿಸಿ.) ಉಬ್ಬಿದ ಬೀಜ ಬಿತ್ತಿ. ನಾನು ಹೀಗೆ ಮಾಡಿದ 20 ಬೀಜಗಳಲ್ಲಿ 13 ಹುಟ್ಟಿದವು. ಸುಮ್ಮನೆ ಬಿತ್ತಿದ 20ರಲ್ಲಿ ಮೂರೇ. ಮೇಕೆ ದೊಡ್ಡಿಯಲ್ಲಿ ಸಿಗುವ ಬೀಜವೂ ಚೆನ್ನಾಗಿ ಹುಟ್ಟುತ್ತದೆ, ಏಕೆಂದರೆ ಮೇಕೆಯ ಹೊಟ್ಟೆಯಲ್ಲಿ ಸಿಪ್ಪೆ ಮೆತ್ತಗಾಗಿರುತ್ತದೆ.

ತಾಯಿಬೇರು ಆಳಕ್ಕೆ ಹೋಗುವುದರಿಂದ ಉದ್ದನೆಯ ಚೀಲ ಬೇಕು. ಬೆರಳಿನ ಒಂದು ಗೆಣ್ಣಿಗಿಂತ ಆಳ ಬೇಡ. ಮಳೆ ಹಿಡಿದ ಮೇಲೆ ಬಿಸಿಲು ಬೀಳುವ ಜಾಗದಲ್ಲಿ, ಓಡಾಡುವ ದಾರಿಯಿಂದ ದೂರ ನೆಡಿ. ನೆರಳಲ್ಲಿ ಏಳಲ್ಲ. ಎಳೇ ಸಸಿಗೆ ಮೇಕೆ ಬಾಯಿ ಹಾಕದಂತೆ ಬೇಲಿ ಕಟ್ಟಿ.

ಜಾಲಿ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ಮರ ನೇಗಿಲಿಗೆ, ಗಾಡಿ ಚಕ್ರಕ್ಕೆ, ಕಡ್ಡಿ ಹಲ್ಲುಜ್ಜಲು, ಕಾಯಿ ಕುರಿಗೆ.

ನನ್ನ 13 ಸಸಿಗಳಲ್ಲಿ ಒಂದು ಹಿತ್ತಲಿಗೆ, ಒಂದು ತಾತನ ಬದುವಿಗೆ. ಉಳಿದ 11 ಯಾರಿಗೆ ಬೇಕೋ ಕೇಳಿ. ಆದರೆ ಮೊದಲು ಕರಿಜಾಲಿ ಕಾಯಿ ಯಾವುದೆಂದು ತೋರಿಸಬೇಕು!

– 9ನೇ ತರಗತಿ ವಿದ್ಯಾರ್ಥಿ