ಪುಟ್ಟ ಸ್ಪೀಕರಿಗೆ ಎಷ್ಟು ವಾಟ್ ಬೇಕು?



ಚಿಲಮತ್ತೂರಿನಂಥ ಗಡಿ ಊರಿನವರು ನಾವು. ಅಂಗಡಿಯಲ್ಲಿ ತೆಲುಗು, ಅಡುಗೆಮನೆಯಲ್ಲಿ ಕನ್ನಡ. ಸಾಮಾನು ಬೇಕಾದರೆ ಒಂದು ಕಡೆ ಹಿಂದೂಪುರ, ಇನ್ನೊಂದು ಕಡೆ ಬಾಗೇಪಲ್ಲಿ. ರೇಡಿಯೋ, ಸ್ಪೀಕರು ಎಂದರೆ ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೂ ಹೋಗಿ ಬರುತ್ತೇವೆ. ಅಲ್ಲಿ ಅಂಗಡಿಯವರು ಮೊದಲು ಕೇಳುವ ಪ್ರಶ್ನೆ, "ಎಷ್ಟು ವಾಟ್ ಕೊಡಲಿ ಸಾರ್?" ಎಂಬುದು. ಆ ಪ್ರಶ್ನೆಗೆ ಉತ್ತರ ತಿಳಿಯದೆ ನಾನು ಹಣ ಕಳೆದುಕೊಂಡೆ. ನೀವು ಕಳೆದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಓದಿದ್ದು ಹತ್ತನೇ ತರಗತಿ. ನಿವೃತ್ತಿಯ ಹಣ ಬಂದಾಗ ಬಹುದಿನದ ಆಸೆಯಂತೆ ಒಂದು ರಿಸೀವರನ್ನೂ ಎರಡು ಪುಟ್ಟ ಸ್ಪೀಕರುಗಳನ್ನೂ ತಂದೆ. ರಿಸೀವರ್ ಎಂದರೆ ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರುವುದು. ಸ್ಪೀಕರಿನ ಹಿಂದೆ 80 ವಾಟ್ ಎಂದು ಬರೆದಿತ್ತು. ರಿಸೀವರಿನ ಶಕ್ತಿ ಒಂದೊಂದು ಕಡೆಗೆ 15 ವಾಟ್. 80 ತಡೆಯುವ ಸ್ಪೀಕರಿಗೆ 15 ಕೊಟ್ಟರೆ ಏನೂ ಆಗುವುದಿಲ್ಲ ಎಂಬುದು ನನ್ನ ಲೆಕ್ಕ.

ಮೊಮ್ಮಗನ ಹುಟ್ಟುಹಬ್ಬ ಬಂತು. ಮನೆ ತುಂಬ ಹುಡುಗರು. "ಸೌಂಡ್ ಪೆಂಚು ತಾತಾ" ಎಂದು ಒಬ್ಬ, ಇನ್ನೂ ಪೆಂಚು ಎಂದು ಇನ್ನೊಬ್ಬ. ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಹಾಡು ಒಡೆದ ತಮಟೆಯಂತೆ ಕೇಳಿಸುತ್ತಿದ್ದರೂ ಯಾರೂ ಗಮನಿಸಲಿಲ್ಲ. ಮರುದಿನ ಬೆಳಿಗ್ಗೆ ವಾರ್ತೆ ಹಾಕಿದಾಗ ನನ್ನಾಕೆ ಅಡುಗೆಮನೆಯಿಂದ ಕೇಳಿದಳು: "ಏನ್ರಿ, ವಾರ್ತೆ ಓದೋಳಿಗೆ ನೆಗಡಿಯಾಗಿದೆಯಾ?" ಸ್ಪೀಕರಿನ ಹತ್ತಿರ ಕಿವಿಯಿಟ್ಟು ಕೇಳಿದೆ. "ಸ" ಯಾವುದು, "ಶ" ಯಾವುದು ತಿಳಿಯುತ್ತಿರಲಿಲ್ಲ. ಎರಡೂ ಟ್ವೀಟರುಗಳು ಸುಟ್ಟುಹೋಗಿದ್ದವು.

ಪುಟ್ಟ ಸ್ಪೀಕರಿನಲ್ಲಿ ಸಾಮಾನ್ಯವಾಗಿ ಎರಡು ಬಾಯಿಗಳಿರುತ್ತವೆ. ನಾಲ್ಕೈದು ಅಂಗುಲದ ದೊಡ್ಡದು ವೂಫರ್. ಮೃದಂಗ, ಗಂಡಸರ ದನಿ ಇವನ್ನು ಹೇಳುವುದು ಅದು. ಒಂದು ಅಂಗುಲದ ಚಿಕ್ಕದು ಟ್ವೀಟರ್. ತಾಳ, ಗೆಜ್ಜೆ, ಮಾತಿನಲ್ಲಿ ಸಕಾರ, ಶಕಾರ ಇವನ್ನು ಹೇಳುವುದು ಅದು. ಹಾಡಿನ ಶಕ್ತಿಯಲ್ಲಿ ಹೆಚ್ಚು ಪಾಲು ವೂಫರಿನದು. ಟ್ವೀಟರಿನ ಪಾಲಿಗೆ ಬರುವುದು ಸ್ವಲ್ಪವೇ. ಆದುದರಿಂದ ಅದರೊಳಗಿನ ತಂತಿ ಕೂದಲಿನಷ್ಟು ಸಣ್ಣದು. 80 ವಾಟ್ ಎಂದು ಹಿಂದೆ ಬರೆದಿದ್ದರೂ ಟ್ವೀಟರ್ ಒಂದೇ ಸಮನೆ ತಡೆಯುವುದು ಕೆಲವೇ ವಾಟ್.

ಹಾಗಾದರೆ 15 ವಾಟಿನ ರಿಸೀವರು ಅದನ್ನು ಹೇಗೆ ಸುಟ್ಟಿತು? ಹಿಂದೂಪುರದಲ್ಲಿ ರಿಪೇರಿ ಮಾಡುವವರೊಬ್ಬರು ಹೇಳಿದ ಮೇಲೆ ನನಗೆ ತಿಳಿಯಿತು. ಖಾತೆಯಲ್ಲಿ 500 ರೂಪಾಯಿ ಇಟ್ಟುಕೊಂಡು 5,000ಕ್ಕೆ ಚೆಕ್ ಬರೆದರೆ ಏನಾಗುತ್ತದೆ? ಚೆಕ್ ಹಿಂದಕ್ಕೆ ಬರುತ್ತದೆ. ಆಂಪ್ಲಿಫೈಯರೂ ಹಾಗೆಯೇ. ತನ್ನಲ್ಲಿ ಇಲ್ಲದ ಶಕ್ತಿಯನ್ನು ಕೇಳಿದಾಗ ಅದು ಹಾಡಿನ ಅಲೆಗಳ ತಲೆಯನ್ನು ಕತ್ತರಿಸಿಬಿಡುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ದುಂಡಗಿದ್ದ ಅಲೆ ಚಪ್ಪಟೆಯಾಗುತ್ತದೆ. ಹಾಗೆ ಚಪ್ಪಟೆಯಾದಾಗ ಎರಡು ಅನಾಹುತಗಳಾಗುತ್ತವೆ. 15 ವಾಟಿನ ಯಂತ್ರ 30ರ ಹತ್ತಿರದವರೆಗೂ ಶಕ್ತಿ ಉಗುಳಬಹುದು. ಜೊತೆಗೆ ಮೂಲ ಹಾಡಿನಲ್ಲಿ ಇಲ್ಲದ ಕೀರಲು ದನಿಗಳು ಹೊಸದಾಗಿ ಹುಟ್ಟುತ್ತವೆ. ಅವೆಲ್ಲವೂ ನೇರವಾಗಿ ಟ್ವೀಟರಿಗೇ ಹೋಗುತ್ತವೆ. ಸಣ್ಣ ತಂತಿ ಕಾದು ಕರಗುತ್ತದೆ.

ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಆ ಸಂಜೆ ವೋಲ್ಟೇಜ್ ಇಳಿದು ಟ್ಯೂಬ್ ಲೈಟು ಮಿಣುಕುತ್ತಿತ್ತು. ಟ್ರಾನ್ಸ್‌ಫಾರ್ಮರ್ ಇರುವ ಸಾಧಾರಣ ಆಂಪ್ಲಿಫೈಯರಿನಲ್ಲಿ ವೋಲ್ಟೇಜ್ ಇಳಿದರೆ ಶಕ್ತಿ ಅದಕ್ಕಿಂತ ಬೇಗ ಇಳಿಯುತ್ತದೆ. 230 ಇರಬೇಕಾದದ್ದು 184 ಆಯಿತೆನ್ನಿ. ವೋಲ್ಟೇಜ್ ಕಡಿಮೆಯಾದದ್ದು ನೂರಕ್ಕೆ 20. ಆದರೆ ಶಕ್ತಿ ಸುಮಾರು ನೂರಕ್ಕೆ 36 ಕಡಿಮೆಯಾಗುತ್ತದೆ. ನನ್ನ 15 ವಾಟು ಆ ಸಂಜೆ 10ರ ಆಸುಪಾಸಿಗೆ ಇಳಿದಿರಬೇಕು.

ಹಾಗಾದರೆ ಎಷ್ಟು ವಾಟ್ ಬೇಕು? ಮೊದಲು ಸ್ಪೀಕರಿನ ಕಾಗದದಲ್ಲಿ ಡೆಸಿಬೆಲ್ ಅಂಕಿಯನ್ನು ನೋಡಿ. 85 ಡೆಸಿಬೆಲ್ ಎಂದಿದ್ದರೆ, ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಎಂದು ಅರ್ಥ. ನಾವು ಎದುರುಬದುರು ಕುಳಿತು ಮಾತಾಡುವ ಸದ್ದು ಸುಮಾರು 60. ಆದುದರಿಂದ ಹತ್ತಡಿ, ಹನ್ನೆರಡಡಿ ಕೋಣೆಯಲ್ಲಿ ವಾರ್ತೆ ಕೇಳಲು ಒಂದು ವಾಟ್ ಕೂಡ ಬೇಕಾಗಿಲ್ಲ.

ಹಾಡಿನ ಲೆಕ್ಕ ಬೇರೆ. ಮೃದಂಗದ ಒಂದು ಪೆಟ್ಟು, ನಾಗಸ್ವರದ ಒಂದು ಏರು ದನಿ ಸರಾಸರಿ ಸದ್ದಿಗಿಂತ 10, 15 ಡೆಸಿಬೆಲ್ ಮೇಲಕ್ಕೆ ನೆಗೆಯುತ್ತದೆ. 10 ಡೆಸಿಬೆಲ್ ಹೆಚ್ಚಲು ಶಕ್ತಿ 10 ಪಟ್ಟು ಬೇಕು. 15 ಡೆಸಿಬೆಲ್ ಹೆಚ್ಚಲು ಸುಮಾರು 32 ಪಟ್ಟು ಬೇಕು. ಸರಾಸರಿ ಒಂದು ವಾಟಿನಲ್ಲಿ ಹಾಡು ಕೇಳುವವನಿಗೂ ಕ್ಷಣಕಾಲ 32 ವಾಟ್ ಬೇಕಾಗುತ್ತದೆ. ಮನೆಯ ಖರ್ಚು ತಿಂಗಳಿಗೆ ಇಷ್ಟೆಂದು ಇದ್ದರೂ ಹಬ್ಬಕ್ಕೆ, ಆಸ್ಪತ್ರೆಗೆ ಕೈಯಲ್ಲಿ ಸ್ವಲ್ಪ ಇಟ್ಟುಕೊಳ್ಳುವುದಿಲ್ಲವೇ? ಹಾಗೆಯೇ ಇದು. ಸಣ್ಣ ಕೋಣೆಗೆ, ಪುಟ್ಟ ಸ್ಪೀಕರಿಗೆ, ಒಂದೊಂದು ಕಡೆಗೆ 30ರಿಂದ 60 ವಾಟ್ ಇದ್ದರೆ ನೆಮ್ಮದಿ.

20 ವಾಟಿನ ಬದಲು 40 ಕೊಂಡರೆ ಸದ್ದು ಎರಡು ಪಟ್ಟಾಗುತ್ತದೆಂದು ತಿಳಿಯಬೇಡಿ. ಹೆಚ್ಚುವುದು 3 ಡೆಸಿಬೆಲ್ ಮಾತ್ರ. 85ರ ಸ್ಪೀಕರಿನ ಬದಲು 88ರದನ್ನು ಆರಿಸಿದರೂ ಅಷ್ಟೇ ಲಾಭ. ದುಡ್ಡು ಉಳಿಸುವ ಜಾಗ ಇದು.

ಪುಟ್ಟ ಸ್ಪೀಕರು ಎಂದರೆ ಅಗ್ಗದ್ದೆಂದಲ್ಲ. 1970ರ ದಶಕದಲ್ಲಿ ಬ್ರಿಟನ್ನಿನ ಬಿಬಿಸಿ ಸಂಸ್ಥೆಯ ಇಂಜಿನಿಯರುಗಳು ಪ್ರಸಾರದ ವ್ಯಾನಿನೊಳಗೆ ಇಡಲು ಎಲ್‌ಎಸ್ 3/5ಎ ಎಂಬ ಸ್ಪೀಕರನ್ನು ರೂಪಿಸಿದರು. ಅದರ ಎತ್ತರ ಒಂದಡಿ ಮಾತ್ರ. ಅದನ್ನು ಮಾಡಿದ್ದು ಬೀದಿಗೆ ಕೇಳಿಸಲು ಅಲ್ಲ, ಮಾತು ಮಾತಿನಂತೆಯೇ ಕೇಳಿಸುತ್ತಿದೆಯೇ ಎಂದು ಪರೀಕ್ಷಿಸಲು.

ಇನ್ನು ಅಂಕಿಗಳ ಮೋಸ. ಡಬ್ಬದ ಮೇಲೆ 1,000 ವಾಟ್ ಪಿಎಂಪಿಓ ಎಂದಿದ್ದರೆ ಮುಂದೆ ನಡೆಯಿರಿ. ಅದು ಕ್ಷಣಮಾತ್ರದ, ಕಾಗದದ ಮೇಲಿನ ಶಕ್ತಿ. ಆರ್‌ಎಂಎಸ್ ಎಂಬುದು ತಿಂಗಳ ಸಂಬಳವಿದ್ದಂತೆ. ಅದನ್ನೇ ಕೇಳಿ. ಎಷ್ಟು ಓಮ್‌ಗೆ, ಒಟ್ಟಿಗೆ ಎಷ್ಟು ಸ್ಪೀಕರಿಗೆ ಎಂದೂ ಕೇಳಿ. ಇಂಥ ಉತ್ಪ್ರೇಕ್ಷೆ ಎಲ್ಲ ಕಡೆಯೂ ಇತ್ತು. ಅಮೆರಿಕದಲ್ಲಿ ಇದನ್ನು ತಡೆಯಲು 1974ರಲ್ಲಿ ಸರ್ಕಾರವೇ ನಿಯಮ ಮಾಡಬೇಕಾಯಿತು.

ಓಮ್ ಎಂಬುದು ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆ. 8 ಓಮ್ ಸ್ಪೀಕರು ಹೆಚ್ಚಿನ ರಿಸೀವರುಗಳಿಗೆ ಹೊಂದುತ್ತದೆ. ರಿಸೀವರಿನ ಹಿಂದೆ 6ರಿಂದ 16 ಓಮ್ ಎಂದಿದ್ದರೆ 4 ಓಮ್ ಸ್ಪೀಕರು ಹಾಕಬೇಡಿ. ಒಂದೇ ಜಾಗಕ್ಕೆ 8 ಓಮಿನ ಎರಡು ಸ್ಪೀಕರುಗಳನ್ನು ಪಕ್ಕಪಕ್ಕ ಸೇರಿಸಿದರೂ ತಡೆ 4ಕ್ಕೆ ಇಳಿಯುತ್ತದೆ. ಆಗ ಸ್ಪೀಕರಿಗಿಂತ ಮೊದಲು ರಿಸೀವರೇ ಕಾದು ಕೆಡಬಹುದು. ಮದುವೆ ಮನೆಯಲ್ಲಿ "ಇನ್ನೆರಡು ಬಾಕ್ಸ್ ಸೇರಿಸೋಣ" ಎಂದವರಿಗೆ ಇದನ್ನು ಹೇಳಿ.

ಬಳಸುವಾಗ ಕಿವಿಯೇ ಮೀಟರು. ದನಿ ಒರಟಾಯಿತು, ತಾಳ ಚರಚರ ಎಂದಿತು ಎಂದರೆ ಕೂಡಲೇ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ. ಗುಂಡಿ ಅರ್ಧದಲ್ಲಿದೆ, ಇನ್ನೂ ಅರ್ಧ ಶಕ್ತಿ ಉಳಿದಿದೆ ಎಂದು ನಂಬಬೇಡಿ. ಅನೇಕ ರಿಸೀವರುಗಳಲ್ಲಿ ಕೊನೆ ಮುಟ್ಟುವ ಮೊದಲೇ ಶಕ್ತಿ ಮುಗಿದಿರುತ್ತದೆ. ವೋಲ್ಟೇಜ್ ಏರಿಳಿಯುವ ಮನೆಗೆ ಸ್ಟೆಬಿಲೈಸರ್ ಇರಲಿ. ನಮ್ಮ ಕಿವಿಯ ಮಿತಿಯನ್ನೂ ಮರೆಯಬೇಡಿ. 80 ಡೆಸಿಬೆಲ್ ಸದ್ದಾದರೆ ವಾರಕ್ಕೆ 40 ಗಂಟೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಟ್ವೀಟರನ್ನು ಬದಲಾಯಿಸಬಹುದು, ಕಿವಿಯನ್ನು ಆಗುವುದಿಲ್ಲ.

ನಾನು ಟ್ವೀಟರುಗಳನ್ನು ಹಾಕಿಸಿದೆ. ಹಳೆಯ ರಿಸೀವರನ್ನು ಕೊಟ್ಟು 50 ವಾಟಿನದು ತಂದೆ. ಗುಂಡಿ ಈಗ ಕಾಲುಭಾಗವನ್ನೂ ದಾಟುವುದಿಲ್ಲ. ಮೊಮ್ಮಗ ಬಂದಾಗ ಈಗಲೂ "ಪೆಂಚು ತಾತಾ" ಎನ್ನುತ್ತಾನೆ. ಸ್ವಲ್ಪ ಪೆಂಚುತ್ತೇನೆ, ಅಷ್ಟೇ. ವಾರಕ್ಕೊಮ್ಮೆ ಬರುವ ನಮ್ಮ ಕನ್ನಡದ ಕಾರ್ಯಕ್ರಮದಲ್ಲಿ "ಸ" "ಶ" ಬೇರೆಬೇರೆಯಾಗಿ ಕೇಳಿಸಿದರೆ ನಮ್ಮ ಮನೆಗೆ ಸಾಕು. ಮೊನ್ನೆ ವಾರ್ತೆ ಮುಗಿದ ಮೇಲೆ ನನ್ನಾಕೆ ಹೇಳಿದಳು: "ನೆಗಡಿ ಬಿಟ್ಟಿತು ನೋಡಿ."